ಮುಂದಿನವರಿಗೊಂದು ದಾರ

ಅಪ್ಪಯ್ಯ ಏಣಿ ಹತ್ತಿದರೆ ಕೆಳಗೆ ನಿಂತು ಟಾರ್ಚ್ ಹಿಡಿಯುವುದು ನನ್ನ ಕೆಲಸವಾಗಿತ್ತು. ತೀರ್ಥಹಳ್ಳಿ ಸುತ್ತಮುತ್ತಲಿನ ಹಳೇ ಮನೆಗಳಿಗೆ ವೈರಿಂಗ್ ಮಾಡಿಯೇ ಅವರು ನಮ್ಮಿಬ್ಬರನ್ನೂ ಓದಿಸಿದ್ದು. ಹಲಸಿನ ಕಂಬ, ಹೊಗೆ ಹಿಡಿದ ತೊಲೆ, ಮಣ್ಣಿನ ಗೋಡೆ, ಕತ್ತಲು ತುಂಬಿದ ಅಟ್ಟ. "ಸ್ವಲ್ಪ ಎಡಕ್ಕೆ ಹಿಡಿಯೇ", "ಕಣ್ಣಿಗೆ ಬಿಡಬೇಡ ಮಾರಾಯ್ತಿ". ಇಷ್ಟೇ ಮಾತು. ಟೆಸ್ಟರ್ ಕೊಡುತ್ತಿದ್ದೆ, ಇನ್ಸುಲೇಶನ್ ಟೇಪ್ ಹರಿದು ಕೊಡುತ್ತಿದ್ದೆ, ಬಿದ್ದ ಸ್ಕ್ರೂ ಹುಡುಕುತ್ತಿದ್ದೆ. ಆದರೆ ತಂತಿ ಸುಲಿಯೋಣ ಅಂತ ಪಕ್ಕಡು ಕೈಗೆತ್ತಿಕೊಂಡರೆ, "ನಿಂಗೆ ಬ್ಯಾಡ ಅದು, ಕರೆಂಟಿನ ಕೆಲಸ" ಎಂದು ಕಸಿದುಕೊಳ್ಳುತ್ತಿದ್ದರು.

ತಮ್ಮನನ್ನು ಐಟಿಐಗೆ ಸೇರಿಸಿದರು. ನಾನು ಪತ್ರಿಕೋದ್ಯಮಕ್ಕೆ ಬಂದೆ. ತಮ್ಮ ಒಂದು ದಿನವೂ ವೈರಿಂಗ್ ಮಾಡಲಿಲ್ಲ. ಬೆಂಗಳೂರಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ನಾನು ನಾಲ್ಕು ವರ್ಷ ವರದಿಗಾರ್ತಿಯಾಗಿದ್ದು, ಮದುವೆಯಾಗಿ ಸಿಯಾಟಲ್‌ಗೆ ಬಂದೆ.

ಬಂದದ್ದು ಎಚ್-4 ವೀಸಾದಲ್ಲಿ. ಗಂಡನ ನೌಕರಿಯ ಬಾಲ ಹಿಡಿದು ಬರುವವರಿಗೆ ಕೊಡುವ ವೀಸಾ ಅದು. ಗಂಡನ ಗ್ರೀನ್ ಕಾರ್ಡಿನ ಅರ್ಜಿ ಒಂದು ಹಂತ ದಾಟಿ, ನಮಗೆ ಬೇರೆಯೇ ಅನುಮತಿ ಪತ್ರ ಸಿಗುವವರೆಗೆ ಸಂಬಳದ ಕೆಲಸ ಮಾಡುವಂತಿಲ್ಲ. ಮೊದಲ ವರ್ಷ ಅಡಿಗೆ ಕಲಿತೆ, ಎರಡನೇ ವರ್ಷ ಕಾರು ಕಲಿತೆ. ಮೂರನೇ ವರ್ಷದ ಹೊತ್ತಿಗೆ ಯಾರಾದರೂ "ನೀವೇನು ಮಾಡ್ತೀರಿ?" ಎಂದು ಕೇಳಿದರೆ ಮಾತು ಬದಲಾಯಿಸುವುದನ್ನು ಕಲಿತಿದ್ದೆ.

ಪಕ್ಕದ ಮನೆಯಲ್ಲಿ ಎಪ್ಪತ್ತೆಂಟು ವರ್ಷದ ಅಜ್ಜ, ಅವರ ಹೆಂಡತಿ. ಅವರಲ್ಲೊಂದು ಮರದ ಹಾಯಿದೋಣಿ ಇತ್ತು, 36 ಅಡಿ ಉದ್ದದ್ದು, 1962ರಲ್ಲಿ ಕಟ್ಟಿದ್ದು. ಬೇಸಿಗೆಯಲ್ಲಿ ದ್ವೀಪಗಳ ಕಡೆ ಹೋಗಿ, ಯಾವುದಾದರೂ ಕೊಲ್ಲಿಯಲ್ಲಿ ಲಂಗರು ಹಾಕಿ, ದೋಣಿಯಲ್ಲೇ ಮಲಗುವುದು ಅವರ ಮೂವತ್ತು ವರ್ಷದ ರೂಢಿ. ಎರಡು ವರ್ಷದ ಹಿಂದೆ ಒಂದು ರಾತ್ರಿ ಹಾಯಿಕಂಬದ ತುದಿಯ ದೀಪ ಕೆಟ್ಟಿತ್ತಂತೆ. ಇವರಿಗೆ ಗೊತ್ತಾಗಿರಲಿಲ್ಲ. ಮೀನುಗಾರಿಕೆಯ ದೊಡ್ಡ ದೋಣಿಯೊಂದು ಕತ್ತಲಲ್ಲಿ ಕೈಗೆಟುಕುವಷ್ಟು ಹತ್ತಿರ ಹಾದುಹೋಯಿತು. ಅದರ ಅಲೆಗೆ ಇವರು ಹಾಸಿಗೆಯಿಂದ ಬಿದ್ದರು. ಆವತ್ತಿನಿಂದ ಅಜ್ಜಿ ದೋಣಿಯಲ್ಲಿ ಮಲಗಲಿಲ್ಲ.

ಲಂಗರು ಹಾಕಿದ ದೋಣಿಗೆ ರಾತ್ರಿ ಒಂದು ಬಿಳಿ ದೀಪ ಇರಬೇಕು. ಅದು ಎಲ್ಲ ದಿಕ್ಕಿಗೂ ಕಾಣಬೇಕು. ಇಷ್ಟು ಅಳತೆಯ ದೋಣಿಯದ್ದಾದರೆ ಎರಡು ನಾಟಿಕಲ್ ಮೈಲಿ, ಅಂದರೆ ಮೂರೂಮುಕ್ಕಾಲು ಕಿಲೋಮೀಟರ್ ದೂರಕ್ಕೆ ಕಾಣಬೇಕು. ಸಮುದ್ರದಲ್ಲಿ ಡಿಕ್ಕಿ ತಪ್ಪಿಸಲು 1972ರಲ್ಲಿ ಮಾಡಿದ ಅಂತಾರಾಷ್ಟ್ರೀಯ ನಿಯಮ ಇದು. ಎಂಜಿನ್ ಹಾಕಿಕೊಂಡು ಹೋಗುವಾಗ ಕಂಬದ ಮುಂಭಾಗದಲ್ಲಿ ಇನ್ನೊಂದು ಬಿಳಿ ದೀಪ ಉರಿಯಬೇಕು. ಎರಡಕ್ಕೂ ತಂತಿ ಹೋಗುವುದು ಕಂಬದ ಒಳಗಿನಿಂದ. ಆ ತಂತಿ ಬಹುತೇಕ ದೋಣಿಯಷ್ಟೇ ಹಳೆಯದು.

ಆ ವಸಂತದಲ್ಲಿ ಅಜ್ಜ ಕಂಬವನ್ನು ಕ್ರೇನಿನಿಂದ ಇಳಿಸಿ, ಬಲ್ಲಾರ್ಡ್ ಕಡೆಯ ಒಂದು ಶೆಡ್ಡಿನಲ್ಲಿ ಕಟ್ಟಿಗೆಯ ಕುದುರೆಗಳ ಮೇಲೆ ಮಲಗಿಸಿದ್ದರು. ಕೆಲಸ ಕೇಳಿದ ಒಂದು ಯಾರ್ಡಿನವರು, "ಇದನ್ನು ಬಿಡಿ, ಅಲ್ಯೂಮಿನಿಯಂ ಕಂಬ ಹಾಕಿಸಿ" ಎಂದು ಹೇಳಿ ದೊಡ್ಡ ಮೊತ್ತದ ಅಂದಾಜುಪಟ್ಟಿ ಕೊಟ್ಟಿದ್ದರು. ಅಷ್ಟು ದುಡ್ಡು ಅಜ್ಜನ ಹತ್ತಿರ ಇರಲಿಲ್ಲ. ದೋಣಿ ಮಾರುವುದೇ ಸರಿ ಎಂದು ಬೇಲಿಯಾಚೆ ನಿಂತು ಹೇಳಿದರು. ನಾನು ಬಾಯಿ ತಪ್ಪಿ, "ನಮ್ಮ ಅಪ್ಪ ಹಳೇ ಮರದ ಮನೆಗಳಿಗೆ ತಂತಿ ಎಳೆಯುವವರು" ಎಂದೆ.

"ಹೌದಾ? ನಿಮಗೆ ಬರುತ್ತದಾ?"

ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. "ಬರುತ್ತದೆ" ಎಂದುಬಿಟ್ಟೆ.

ಕಂಬ ನೋಡಿದಾಗ ಎದೆ ಧಸಕ್ಕೆಂದಿತು. 44 ಅಡಿ ಉದ್ದ. ಸಿಟ್ಕಾ ಸ್ಪ್ರೂಸ್ ಎಂಬ ಮರದ ನಾಲ್ಕು ಹಲಗೆ ಅಂಟಿಸಿ ಉದ್ದನೆಯ ಪೆಟ್ಟಿಗೆಯಂತೆ ಮಾಡಿದ್ದು. ಅಲಾಸ್ಕಾದಿಂದ ಕ್ಯಾಲಿಫೋರ್ನಿಯಾದ ಉತ್ತರದವರೆಗೆ ಈ ಕರಾವಳಿಯುದ್ದಕ್ಕೂ ಬೆಳೆಯುವ ಮರ. ತೂಕ ಕಡಿಮೆ, ಗಟ್ಟಿತನ ಜಾಸ್ತಿ. ಮೊದಲ ಮಹಾಯುದ್ಧದಲ್ಲಿ ವಿಮಾನ ಕಟ್ಟಲು ಈ ಸೀಮೆಯ ಕಾಡುಗಳಿಂದ ಇದನ್ನೇ ಕಡಿದು ಸಾಗಿಸಿದ್ದರು. ಕಂಬದೊಳಗೆ ಟೊಳ್ಳು. ಆದರೆ ಪೂರ್ತಿ ಟೊಳ್ಳಲ್ಲ. ಬುಡದಲ್ಲಿ, ತುದಿಯಲ್ಲಿ, ಎರಡೂ ಬದಿಗೆ ಅಡ್ಡತೋಳು ಚಾಚಿರುವ ನಡುಭಾಗದಲ್ಲಿ ಹೊರೆ ಜಾಸ್ತಿ ಬೀಳುವುದರಿಂದ ಅಲ್ಲಿ ಒಳಗೆ ಗಟ್ಟಿ ಮರದ ದಿಮ್ಮಿ ಕೂರಿಸಿರುತ್ತಾರೆ. ತಂತಿ ಹೋಗಲು ದಿಮ್ಮಿಗೊಂದು ತೂತು ಕೊರೆದು, ಆಮೇಲೆ ನಾಲ್ಕನೇ ಹಲಗೆ ಅಂಟಿಸಿ ಮುಚ್ಚುತ್ತಾರೆ. ಮುಚ್ಚಿದ ಮೇಲೆ ಆ ತೂತು ಎಲ್ಲಿದೆ ಎಂಬುದು ಕಟ್ಟಿದವನಿಗೆ ಮಾತ್ರ ಗೊತ್ತು.

ತಂತಿಯನ್ನು ಹೊರಗಿನಿಂದ ಕಟ್ಟಿದರೆ ಆಗದೇ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಹಿಂಬದಿಯಲ್ಲಿ ಹಾಯಿ ಏರಿಳಿಯುವ ಹಳಿ. ಉಳಿದ ಬದಿಗಳಲ್ಲಿ ಹಗ್ಗಗಳು ಉಜ್ಜುತ್ತಲೇ ಇರುತ್ತವೆ. ಅದೂ ಅಲ್ಲದೆ ಅಡಿಗೊಂದು ಕ್ಲಿಪ್ ಹೊಡೆದರೆ ನಲವತ್ತು ಸ್ಕ್ರೂ. ಒಂದೊಂದು ಸ್ಕ್ರೂವಿನ ತೂತೂ ಮಳೆ ನೀರಿಗೆ ಬಾಗಿಲು. ಮರ ಕೊಳೆಯುವುದು ಹಾಗೆ ಸಣ್ಣ ಬಾಗಿಲುಗಳಿಂದಲೇ.

ಒಳಗೆ ಎರಡು ತಂತಿ ಇದ್ದವು. ತುದಿಯ ದೀಪದ್ದೊಂದು, ನಡುವಿನ ದೀಪದ್ದೊಂದು. ಶನಿವಾರ ಬೆಳಿಗ್ಗೆ ತುದಿಯ ದೀಪ ಬಿಚ್ಚಿ, ಬುಡದಲ್ಲಿ ನಿಂತು ಅದರ ತಂತಿಯನ್ನು ಸುಮ್ಮನೆ ಎಳೆದು ನೋಡಿದೆ. ಸರ್ರನೆ ಬಂತು. ಖುಷಿಯಾಯಿತು. ಎಳೆದೆ, ಎಳೆದೆ, ಪೂರ್ತಿ ಹೊರಬಂತು. ಇನ್ನೊಂದು ಅಲುಗಾಡಲಿಲ್ಲ. ಇರಲಿ, ಒಂದಾದರೂ ಬಂತಲ್ಲ ಎಂದುಕೊಂಡು ಸಂಜೆ ಏಳೂವರೆಗೆ ಅಪ್ಪಯ್ಯನಿಗೆ ವಿಡಿಯೋ ಕಾಲ್ ಮಾಡಿದೆ. ಊರಲ್ಲಿ ಮಾರನೆಯ ದಿನ ಬೆಳಿಗ್ಗೆ ಎಂಟು. ಜೂನ್ ತಿಂಗಳು, ಅಲ್ಲಿ ಹೆಂಚಿನ ಮೇಲೆ ಮಳೆ ಸುರಿಯುತ್ತಿತ್ತು, ಇಲ್ಲಿ ಇನ್ನೂ ಬಿಸಿಲು.

ತಂತಿಯ ಸಿಂಬೆಯನ್ನು ಎತ್ತಿ ತೋರಿಸಿದೆ. ಅಪ್ಪಯ್ಯ ನೋಡಿದರು. "ದಾರ ಎಲ್ಲಿ?"

"ಎಂತ ದಾರ?"

"ತಂತಿ ತುದಿಗೆ ದಾರ ಕಟ್ಟಿ ಎಳಿಲಿಲ್ವನೇ? ಹಳೇ ತಂತಿ ಈಚೆ ಬಂದಂಗೆ ದಾರ ಒಳಗೆ ಹೋಗಬೇಕು. ಆಮೇಲೆ ಆ ದಾರಕ್ಕೆ ಹೊಸ ತಂತಿ ಕಟ್ಟಿ ಎಳೆಯೋದು. ಇಷ್ಟು ವರ್ಷ ಟಾರ್ಚ್ ಹಿಡಿದು ಎಂತ ನೋಡಿದ್ಯೇ ನೀನು?"

ಟಾರ್ಚಿನ ಬೆಳಕು ಯಾವಾಗಲೂ ಅವರ ಕೈಯ ಮೇಲಿತ್ತು. ಆಚೆ ತುದಿಯಲ್ಲಿ ಅವರು ಮೊದಲೇ ಕಟ್ಟಿ ಬಂದ ದಾರ ನನಗೆ ಕಂಡಿರಲೇ ಇಲ್ಲ. ಅಂಥದ್ದೊಂದು ಇದ್ದೇ ಇರಬೇಕು ಎಂದು ನಾನು ಕೇಳಲೂ ಇಲ್ಲ. ಐದು ಪ್ರಶ್ನೆ ಕೇಳದೆ ಯಾವ ಊರಿಂದಲೂ ವಾಪಸ್ ಬರಬೇಡಿ ಎಂದು ನಮಗೆ ತರಗತಿಯಲ್ಲಿ ಹೇಳಿಕೊಟ್ಟಿದ್ದರು. ಸ್ವಂತ ಅಪ್ಪನ ಹತ್ತಿರ ಒಂದೂ ಕೇಳಿರಲಿಲ್ಲ.

ಅರವತ್ತು ವರ್ಷ ಇದ್ದ ದಾರಿಯನ್ನು ಅರ್ಧ ನಿಮಿಷದಲ್ಲಿ ಕಳೆದಿದ್ದೆ. ಅಜ್ಜನಿಗೆ ಹೇಳಲು ಗಂಟಲು ಕಟ್ಟಿತು. ಅವರು ಬೈಯಲಿಲ್ಲ. ಸ್ವಲ್ಪ ಹೊತ್ತು ಕಂಬ ಸವರಿ, "ಟೀ ಕುಡಿಯೋಣ" ಎಂದರು. ಬೈದಿದ್ದರೇ ವಾಸಿಯಿತ್ತು. ದಾರಿ ಸಿಗದಿದ್ದರೆ ಉಳಿಯುವುದು ಹಲಗೆಯ ಅಂಟು ಬಿಡಿಸಿ ಕಂಬ ಸೀಳುವುದೊಂದೇ. ಅದನ್ನು ಮಾಡುವ ಶಕ್ತಿ ಆ ವಯಸ್ಸಿನವರಿಗೆ ಇರಲಿಲ್ಲ, ನನಗೆ ವಿದ್ಯೆ ಇರಲಿಲ್ಲ.

ಆವತ್ತು ರಾತ್ರಿ ನಿದ್ದೆ ಬರದೆ ಆ ಹಳೇ ತಂತಿಯನ್ನು ಉದ್ದಕ್ಕೆ ಸೀಳಿ ನೋಡಿದೆ. ತುದಿಯಲ್ಲಿ ಮಾತ್ರ ಹಸಿರು ಕಿಲುಬು ಇರಬಹುದು ಎಂದುಕೊಂಡಿದ್ದೆ. ಮೇಲಿನ ಹೊದಿಕೆ ಚೆನ್ನಾಗಿಯೇ ಇತ್ತು. ಒಳಗಿನ ತಾಮ್ರ ಅಡಿಗಟ್ಟಲೆ ಕಪ್ಪಾಗಿತ್ತು. ಬತ್ತಿ ಎಣ್ಣೆ ಹೀರುವ ಹಾಗೆ ಎಳೆಗಳ ಸಂದಿನಲ್ಲಿ ಉಪ್ಪುನೀರು ಹೀರಿಕೊಂಡು ಹೋಗಿತ್ತು. ಅದಕ್ಕೇ ದೋಣಿಗೆ ಬೇರೆಯದೇ ತಂತಿ: ಪ್ರತಿಯೊಂದು ಎಳೆಗೂ ತವರದ ಲೇಪ ಇರುವ ತಾಮ್ರ. ಅಪ್ಪಯ್ಯನಿಗೆ ವಿವರಿಸಿದಾಗ, "ಹಂಗಂದ್ರೆ ಕಲಾಯಿ ಹಾಕಿದ್ದು ಅನ್ನು" ಎಂದರು. ಅಷ್ಟೇ.

ತಂತಿಯ ದಪ್ಪದ ವಿಷಯದಲ್ಲೂ ಅವರಿಗೆ ಜಾಸ್ತಿ ಹೇಳಬೇಕಾಗಲಿಲ್ಲ. ಮನೆಯಲ್ಲಿ 230 ವೋಲ್ಟ್. ದಾರಿಯಲ್ಲಿ ಒಂದು ವೋಲ್ಟ್ ಸೋರಿದರೆ ಯಾರಿಗೂ ಗೊತ್ತಾಗದು. ದೋಣಿಯಲ್ಲಿ ಬ್ಯಾಟರಿಯ 12 ವೋಲ್ಟ್. ಅದರಲ್ಲಿ ಒಂದು ಸೋರಿದರೆ ನೂರಕ್ಕೆ ಎಂಟು ಹೋಯಿತು. ಹಳೇ ಬಗೆಯ ಬಲ್ಬಿಗೆ ಅಷ್ಟು ಕಡಿಮೆಯಾದರೆ ಬೆಳಕು ಕಾಲು ಭಾಗ ಕುಗ್ಗುತ್ತದೆ. ದೋಣಿಯ ಸ್ವಿಚ್ ಬೋರ್ಡಿನಿಂದ ಕಂಬದ ತುದಿಗೆ 20 ಮೀಟರ್. ಹೋಗಿ ಬರುವ ದಾರಿ ಸೇರಿ 40. ಟ್ರಾನ್ಸ್‌ಫಾರ್ಮರಿನಿಂದ ದೂರದ ಕೊನೆಯ ಮನೆಯಲ್ಲಿ, ಸಂಜೆ ಎಲ್ಲರೂ ಪಂಪ್‌ಸೆಟ್ ಹಾಕಿದ ಮೇಲೆ ಕೆಂಡದಂತೆ ಉರಿಯುವ ಬಲ್ಬಿನ ಕೆಳಗೆ ಓದಿದವರಿಗೆ ಇದನ್ನು ಪುಸ್ತಕದಿಂದ ಹೇಳಿಕೊಡಬೇಕಾಗಿಲ್ಲ. ದಪ್ಪ ತಂತಿ, ಕಡಿಮೆ ಕರೆಂಟು ತಿನ್ನುವ ಎಲ್‌ಇಡಿ ದೀಪ ಎಂದು ನಿರ್ಧಾರವಾಯಿತು. ಎರಡು ದೀಪಕ್ಕೂ ಸೇರಿ ಮೂರೆಳೆಯ ಒಂದೇ ಕೇಬಲ್ ಸಾಕಾಗುತ್ತಿತ್ತು.

ಆದರೆ ಅದನ್ನು ಒಳಗೆ ಕಳಿಸುವುದು ಹೇಗೆ? ಮುಂದಿನ ಎರಡು ವಾರ ಅದೇ ಧ್ಯಾನ. ಗಟ್ಟಿ ಸ್ಟೀಲ್ ಪಟ್ಟಿಯನ್ನು ತುದಿಯಿಂದ ತೂರಿಸಿದೆವು. 20 ಅಡಿ ಹೋಗಿ ದಿಮ್ಮಿಗೆ ಢಣ್ಣೆಂದು ಬಡಿದು ನಿಂತಿತು. ದಾರದ ತುದಿಗೆ ಹತ್ತಿಯ ಉಂಡೆ ಕಟ್ಟಿ, ಬುಡದಿಂದ ವ್ಯಾಕ್ಯೂಮ್ ಕ್ಲೀನರ್ ಹಚ್ಚಿ ಎಳೆಸಿದೆವು. ಹಗ್ಗದ ರಾಟೆಗಳಿಗಾಗಿ ಕೊರೆದ ಸಂದುಗಳಿಂದ ಗಾಳಿ ನುಗ್ಗಿ ಹತ್ತಿ ಇದ್ದಲ್ಲೇ ಇತ್ತು. ಅಪ್ಪಯ್ಯ ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಫೋನಿನ ಮುಂದೆ ಕೂರುತ್ತಿದ್ದರು. ಅಲ್ಲಿ ಕರೆಂಟ್ ಹೋದರೆ ಮುಖ ಮಾಯ, ದನಿ ಮಾತ್ರ. "ದೂಡಬೇಡ. ದೂಡಿದ್ದು ದಾರಿ ತಪ್ಪತ್ತೆ. ಎಳೆಯಕ್ಕೆ ಏನಾದ್ರೂ ಹುಡುಕು."

ಮೊಬೈಲಿಗೆ ಸಿಕ್ಕಿಸುವ ಸಣ್ಣ ಕ್ಯಾಮೆರಾ ಸಿಗುತ್ತದೆ, ಪೆನ್ಸಿಲಿಗಿಂತ ಸಪೂರ, ಮುಂದೆ ದೀಪ ಇರುತ್ತದೆ. ಅದನ್ನು ತರಿಸಿ, ನಡುವಿನ ದೀಪದ ತೂತಿನಿಂದ ಒಳಗೆ ಬಿಟ್ಟೆ. ಅರವತ್ತು ವರ್ಷ ಯಾರೂ ನೋಡದ ಜಾಗ. ಮರ ಒಳಗೆ ಹೊಸ ಹಲಗೆಯಂತೆ ಹಳದಿಯಾಗಿತ್ತು. ಮೂಲೆಗಳಲ್ಲಿ ಕಡುಗೆಂಪು ಅಂಟು ಇಳಿದು ಗಟ್ಟಿಯಾಗಿತ್ತು. ದಿಮ್ಮಿಯ ಮುಂಬದಿಯ ಅಂಚಿನಲ್ಲಿ, ಎರಡು ಬೆರಳು ಹೋಗುವಷ್ಟು ತೂತು. ಅದರ ಒಂದು ಪಕ್ಕದಲ್ಲಿ ಅಲುಗದ ಆ ಎರಡನೇ ತಂತಿ, ಅಂಟಿನಲ್ಲಿ ಹೂತು ಕೂತಿತ್ತು. ಉಳಿದ ಅರ್ಧ ಖಾಲಿ. ದಾರಿ ಇತ್ತು. ಅಜ್ಜನ ಕೈ ನಡುಗುತ್ತಿತ್ತು. ಪರದೆಯ ಮೇಲೆ ಬೆರಳಿಟ್ಟು, "ಅಲ್ಲಿದೆ, ಅಲ್ಲಿದೆ" ಎಂದರು.

ಉಪಾಯ ಹೊಳೆದದ್ದು ಅಪ್ಪಯ್ಯನಿಗೆ. ಹಿಂದೆ ಯಾರದೋ ಮನೆಯ ಮರದ ಗೋಡೆಯೊಳಗೆ ಬಿದ್ದ ನಟ್ಟನ್ನು ಕೆಟ್ಟ ರೇಡಿಯೋದ ಸ್ಪೀಕರಿನ ಅಯಸ್ಕಾಂತ ಹಿಡಿದು ಮೇಲೆ ತಂದಿದ್ದರಂತೆ. "ನಿಮ್ಮಲ್ಲಿ ಅಯಸ್ಕಾಂತ ಸಿಗತ್ತಾ?" ಇಲ್ಲಿ ಸಿಗುವ ನಿಯೋಡೈಮಿಯಂ ಅಯಸ್ಕಾಂತ ಸ್ಪೀಕರಿನದ್ದಕ್ಕಿಂತ ಎಷ್ಟೋ ಪಾಲು ಬಲವಾದದ್ದು, ಮುಕ್ಕಾಲು ಇಂಚಿನ ಹಲಗೆ ಅದಕ್ಕೆ ಲೆಕ್ಕವಲ್ಲ. ಕಂಬವನ್ನು ತಿರುಗಿಸಿ ಮಲಗಿಸಬೇಕು ಎಂದದ್ದು ಮಾತ್ರ ನಾನು. ತೂತು ಮುಂಬದಿಯ ಅಂಚಿನಲ್ಲಿತ್ತಲ್ಲ. ಮುಂಬದಿ ಕೆಳಗಾದರೆ ಒಳಗೆ ಬಿಟ್ಟ ಕಬ್ಬಿಣ ತೂಕಕ್ಕೆ ಅಲ್ಲೇ ಕೂರುತ್ತದೆ, ಕೆಳಗಿನಿಂದ ಅಯಸ್ಕಾಂತ ಎಳೆದುಕೊಂಡು ಹೋಗಬಹುದು. ಅಪ್ಪಯ್ಯ ಒಂದು ಕ್ಷಣ ಯೋಚಿಸಿ, "ಹೌದಲ್ಲ" ಎಂದರು. ಅವರ ಬಾಯಲ್ಲಿ ಕೆಲಸದ ವಿಷಯಕ್ಕೆ ನನಗೆ ಸಿಕ್ಕ ಮೊದಲ 'ಹೌದಲ್ಲ' ಅದು.

ತಲೆ ಕತ್ತರಿಸಿದ ಇಂಚುದ್ದದ ಮೊಳೆಗೆ ನೈಲಾನ್ ದಾರ ಕಟ್ಟಿ, ಕಂಬದ ತುದಿಯಿಂದ ಒಳಗೆ ಬಿಟ್ಟೆ. ಕೆಳಗೆ ಮಂಡಿಯೂರಿ, ಅಯಸ್ಕಾಂತವನ್ನು ಮರಕ್ಕೆ ಒತ್ತಿ ಹಿಡಿದು ತೆವಳುತ್ತ ಹೋದೆ. ಒಳಗೆ ಸರ್ ಸರ್ ಎಂಬ ಸಣ್ಣ ಸದ್ದು. ಅಜ್ಜ ಮರಕ್ಕೆ ಕಿವಿಯಿಟ್ಟು ನನ್ನ ಜೊತೆಯೇ ಬರುತ್ತಿದ್ದರು. ಎರಡು ಸಲ ಮೊಳೆ ಕಳಚಿಕೊಂಡಿತು. ಹಿಂದೆ ಹೋಗಿ ಹಿಡಿದು ತಂದೆ. ದಿಮ್ಮಿಯ ಹತ್ತಿರ ಬಂದಾಗ ಕ್ಯಾಮೆರಾದಲ್ಲಿ ನೋಡುತ್ತ ಕೂದಲೆಳೆಯಷ್ಟು ಎಡ, ಕೂದಲೆಳೆಯಷ್ಟು ಬಲ. ಫೋನಿನಿಂದ ಅಪ್ಪಯ್ಯನ ಪಿಸುಮಾತು: "ಅವಸರ ಬ್ಯಾಡ ಮಗಾ." ಮೊಳೆ ತೂತಿನೊಳಗೆ ಇಣುಕಿ ಮಾಯವಾಯಿತು. ಎರಡು ಅಡಿ ದಿಮ್ಮಿ ದಾಟಿ ಆಚೆ ಮತ್ತೆ ಸರ್ ಸರ್ ಕೇಳಿದಾಗ ಅಜ್ಜ ಕಣ್ಣೊರೆಸಿಕೊಂಡರು. ಬುಡದಲ್ಲಿ ಮೊಳೆ ಹೊರಬಂದದ್ದು ಸಂಜೆ ಎಂಟೂವರೆಗೆ.

ಆಮೇಲಿನದು ಗೊತ್ತಿರುವ ಕೆಲಸ. ಸಪೂರ ದಾರದಿಂದ ದಪ್ಪ ದಾರ, ದಪ್ಪ ದಾರದಿಂದ ಕೇಬಲ್. ಜಾರಲೆಂದು ಕೇಬಲ್ಲಿಗೆ ಮೈಗೆ ಹಾಕುವ ಪೌಡರ್ ಸವರಿದೆ. ಅದೂ ಅಪ್ಪಯ್ಯನದೇ ರೂಢಿ. ಟೊಳ್ಳು ಕಂಬದಲ್ಲಿ ಕೇಬಲ್ ಸಡಿಲವಾಗಿದ್ದರೆ ದೋಣಿ ಹೊರಳಿದಾಗೆಲ್ಲ ರಾತ್ರಿಯಿಡೀ ಟಕ್ ಟಕ್ ಬಡಿಯುತ್ತದೆ, ಮಲಗಲಾಗದು. ಅದಕ್ಕೆ ಒಂದೂವರೆ ಅಡಿಗೊಮ್ಮೆ ಮೂರು ಪ್ಲಾಸ್ಟಿಕ್ ಟೈಗಳನ್ನು ಮೂರು ದಿಕ್ಕಿಗೆ ಬಿಗಿದು, ಬಾಲ ಕತ್ತರಿಸದೆ ಬಿಡುತ್ತಾರೆ. ಬಾಲಗಳು ತೂತಿನಲ್ಲಿ ಹಿಂದಕ್ಕೆ ಮಡಚಿಕೊಂಡು ತೂರಿ, ಆಚೆ ಬಿಚ್ಚಿಕೊಂಡು, ಕೇಬಲನ್ನು ಗೋಡೆಗೆ ತಾಗದಂತೆ ನಡುವೆ ಹಿಡಿದಿರುತ್ತವೆ. ಕೇಬಲ್ ಹೊರಬರುವ ತೂತುಗಳ ಒಳಮೈಗೆ ಎಪಾಕ್ಸಿ ಸವರಿ ಒಣಗಿಸಿ, ರಬ್ಬರ್ ಬಳೆ ಕೂರಿಸಿದೆವು. ದೀಪಕ್ಕೆ ಸೇರುವ ಮೊದಲು ಕೇಬಲನ್ನು ಸ್ವಲ್ಪ ಕೆಳಕ್ಕೆ ಜೋತು ಬಿಟ್ಟು ಮೇಲೆತ್ತಿದೆ, ನೀರು ಆ ಬಗ್ಗಿನಿಂದಲೇ ತೊಟ್ಟಿಕ್ಕಿ ಬೀಳಲಿ ಎಂದು. ಕಂಬದಿಂದ ಮನೆಗೆ ಸರ್ವಿಸ್ ವೈರ್ ತರುವಾಗ ಅಪ್ಪಯ್ಯ ಮಾಡುವುದೂ ಅದನ್ನೇ. ಸಮುದ್ರವಾದರೇನು, ಮಲೆನಾಡಾದರೇನು, ನೀರಿನ ಬುದ್ಧಿ ಒಂದೇ.

ಕೇಬಲ್ ಜೊತೆಗೆ ಇನ್ನೊಂದು ಖಾಲಿ ದಾರವನ್ನೂ ಎಳೆದು ಬಿಟ್ಟೆ. ಎರಡೂ ತುದಿಯನ್ನು ಕಂಬದೊಳಗೇ ಮೊಳೆಗೆ ಸುತ್ತಿ, ಒಂದು ಚೀಟಿ ಕಟ್ಟಿದೆ: ಇದನ್ನು ಎಳೆಯುವ ಮೊದಲು ಇದಕ್ಕೆ ಇನ್ನೊಂದು ದಾರ ಕಟ್ಟಿ. ಮೇಲೆ ಇಂಗ್ಲಿಷಿನಲ್ಲಿ, ಕೆಳಗೆ ಕನ್ನಡದಲ್ಲಿ. ಇನ್ನು ಮೂವತ್ತು ನಲವತ್ತು ವರ್ಷಕ್ಕೆ ಈ ಕೇಬಲ್ ಕೂಡ ಕೆಡುತ್ತದೆ. ಆಗ ಅಜ್ಜ ಇರುವುದಿಲ್ಲ. ನಾನು ಎಲ್ಲಿರುತ್ತೇನೋ. ಯಾರೋ ಒಬ್ಬರು ಬುಡದಲ್ಲಿ ನಿಂತು ಒಳಗೆ ಇಣುಕುತ್ತಾರೆ. ಅವರಿಗೆ ನನ್ನ ಹಾಗೆ ಎರಡು ವಾರ ನಿದ್ದೆಗೆಡುವ ಸಂಕಟ ಬೇಡ.

ಆಗಸ್ಟಿನಲ್ಲಿ ದೋಣಿ ಮತ್ತೆ ನೀರಿಗಿಳಿಯಿತು. ಕೆರೆಯ ಸಿಹಿನೀರಿನಿಂದ ಸಮುದ್ರದ ಉಪ್ಪುನೀರಿಗೆ ದೋಣಿಗಳನ್ನು ಇಳಿಸುವ, 1917ರಲ್ಲಿ ತೆರೆದ ಬಲ್ಲಾರ್ಡ್ ಲಾಕ್ ದಾಟಿ, ಎದುರಿನ ಬೈನ್‌ಬ್ರಿಜ್ ದ್ವೀಪದ ಕೊಲ್ಲಿಯೊಂದರಲ್ಲಿ ಲಂಗರು ಹಾಕಿದೆವು. ಅಜ್ಜ, ಅಜ್ಜಿ, ನನ್ನ ಗಂಡ, ನಾನು. ಕತ್ತಲಾದ ಮೇಲೆ ಅಜ್ಜ ನನ್ನ ಕಡೆ ನೋಡಿ ಸ್ವಿಚ್ ತೋರಿಸಿದರು. ಹಾಕಿದೆ. "ದೂರದಿಂದ ನೋಡಿ ಬನ್ನಿ" ಎಂದು ನಮ್ಮಿಬ್ಬರನ್ನೂ ಚಿಕ್ಕ ದೋಣಿಯಲ್ಲಿ ಕಳಿಸಿದರು. ಹುಟ್ಟು ಹಾಕುತ್ತ ಕೊಲ್ಲಿಯ ಬಾಯಿಯವರೆಗೆ ಹೋದೆವು. ದೋಣಿ ಕಾಣಲಿಲ್ಲ, ಕಂಬ ಕಾಣಲಿಲ್ಲ. ಒಂದು ಚುಕ್ಕಿ ಬೆಳಕು, ನೆಟ್ಟಗೆ. ವಾಪಸ್ ಬಂದಾಗ ಅಜ್ಜಿ ಕೆಳಗೆ ಹಾಸಿಗೆ ಬಿಡಿಸುತ್ತಿದ್ದರು.

ಅಲ್ಲಿಂದಲೇ ಅಪ್ಪಯ್ಯನಿಗೆ ಫೋನ್ ಮಾಡಿ ತೋರಿಸಿದೆ. ಕತ್ತಲೆ, ಒಂದು ಚುಕ್ಕಿ. "ಇಷ್ಟೇನಾ?" ಎಂದರು. "ಒಂದು ಬಲ್ಬಿಗೆ ಇಷ್ಟು ಕಥೆಯೇನೇ?" ನಗು ತಡೆಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಕೇಳಿದರು:

"ನಡುವೆ ಜಾಯಿಂಟ್ ಹಾಕಿದೀಯಾ?"

"ಇಲ್ಲ ಅಪ್ಪಯ್ಯ. ತುದಿಯ ದೀಪಕ್ಕೆ ಬುಡದಿಂದ ಒಂದೇ ಎಳೆ."

"ಹ್ಞೂಂ." ಆಮೇಲೆ, "ದೀಪಾವಳಿಗೆ ಬರ್ತೀಯಲ್ಲ, ಆ ಕಲಾಯಿ ತಂತಿ ಒಂದು ಇಪ್ಪತ್ತು ಮೀಟರ್ ತಗಂಡು ಬಾ. ನಮ್ಮನೆ ಬಾವಿಕಟ್ಟೆ ಲೈಟಿನ ತಂತಿ ಪ್ರತಿ ಮಳೆಗಾಲ ಹಸಿರಾಗತ್ತೆ. ನಂಗೆ ಈಗ ಏಣಿ ಆಗದಿಲ್ಲ. ನೀನೇ ಎಳಿ."